ಜೋಜಿ ಲಾ ಘಾಟಿಯನ್ನು ತೆರೆದ ಕೊಡಗಿನ ಸೇನಾನಿ

ಘಟ್ಟದ ಮೇಲೆ ಹುಟ್ಟಿ ಬೆಳೆದವರಿಗೆ ದಾರಿಯ ಬೆಲೆಯನ್ನು ಬೇರೊಬ್ಬರು ತಿಳಿಸಿಕೊಡಬೇಕಾಗಿಲ್ಲ. ನಮ್ಮ ಕೊಡಗು ಸೀಮೆಯಿಂದ ಪಡುವಣ ಕರಾವಳಿಗೆ ಇಳಿಯಬೇಕಾದರೆ ಸಂಪಾಜೆಯ ಘಾಟಿಯನ್ನಾಗಲಿ ಮಾಕುಟ್ಟದ ಘಾಟಿಯನ್ನಾಗಲಿ ಹಿಡಿಯಬೇಕು. ಮಳೆಗಾಲದಲ್ಲಿ ಆ ದಾರಿಗಳು ಮುಚ್ಚಿದರೆ ನಮ್ಮ ಪಾಡು ಏನಾಗುವುದೆಂಬುದನ್ನು ನಾವೆಲ್ಲರೂ ಬಲ್ಲೆವು. 2018ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಜೋಡುಪಾಲ, ಮದೆನಾಡುಗಳ ಕಡೆಯಲ್ಲಿ ಗುಡ್ಡಗಳು ಕುಸಿದು, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯು ಕಡಿದುಹೋದಾಗ, ಮನೆ ಮಾರುಗಳನ್ನು ಕಳೆದುಕೊಂಡವರ ದುಃಖವು ಒಂದು ಕಡೆ, ಆಚೆಯ ಬಂಧುಗಳ ಸುದ್ದಿಯೇ ತಿಳಿಯದವರ ಕಳವಳವು ಇನ್ನೊಂದು ಕಡೆ ಆಗಿದ್ದಿತು. ದಾರಿಯೆಂದರೆ ಬರಿಯ ಮಣ್ಣು ಕಲ್ಲುಗಳಲ್ಲ. ಅದು ಮನುಷ್ಯನು ಮನುಷ್ಯನಿಗೆ ಚಾಚುವ ಕೈ.

ಇಂತಹ ಬೆಟ್ಟನಾಡಿನಲ್ಲಿ ಹುಟ್ಟಿ, ನಮ್ಮ ಘಾಟಿಗಳಿಗಿಂತ ಎಷ್ಟೋ ಎತ್ತರವಾದ, ಹಿಮದಿಂದ ಮುಚ್ಚಿದ ಒಂದು ಘಾಟಿಯನ್ನು ತೆರೆದು, ಅದರಾಚೆಯಲ್ಲಿ ದಿಕ್ಕುಗಾಣದೆ ಕುಳಿತಿದ್ದ ಜನರನ್ನು ತಲಪಿದ ಮಹನೀಯರೊಬ್ಬರ ಜೀವನವನ್ನು ಈ ಸಂಚಿಕೆಯಲ್ಲಿ ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ನಿವೇದಿಸುತ್ತೇವೆ. ಅವರೇ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. ಮಡಿಕೇರಿಯ ವೃತ್ತದಲ್ಲಿ ಅವರ ಪ್ರತಿಮೆಯನ್ನು ಕಾಣದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಪ್ರತಿಮೆಯನ್ನು ಕಂಡವರೆಲ್ಲರೂ ಆ ಪುರುಷರ ಕಾರ್ಯವನ್ನು ಬಲ್ಲರೆಂದು ಹೇಳಲಾಗದು.

ತಿಮ್ಮಯ್ಯನವರು 1906ನೆಯ ಇಸವಿ ಮಾರ್ಚ್ ತಿಂಗಳ ಕೊನೆಯಲ್ಲಿ ಮಡಿಕೇರಿಯಲ್ಲಿ ಜನಿಸಿದರು. ಅವರದು ಕಾಫಿ ತೋಟಗಳುಳ್ಳ ಮನೆತನ. ತಾಯಿಯವರು ಆ ಕಾಲಕ್ಕೆ ಅಪರೂಪವಾಗಿ ವಿದ್ಯೆಯನ್ನು ಪಡೆದವರು; ಮನೆಯ ಹೊಸಿಲಿನಾಚೆಗೂ ತಮ್ಮ ಕರ್ತವ್ಯವುಂಟೆಂದು ತಿಳಿದು ಸಮಾಜಸೇವೆಯಲ್ಲಿ ತೊಡಗಿದ್ದವರು. ಮಗನನ್ನು ಮನೆಯಲ್ಲಿ ಡುಬ್ಬು ಎಂದು ಮುದ್ದಿನಿಂದ ಕರೆಯುತ್ತಿದ್ದರು. ಆದರೂ ಮುದ್ದಿನ ನಿಮಿತ್ತವಾಗಿ ಅವನನ್ನು ಮನೆಯಲ್ಲಿಯೇ ಇರಿಸಿಕೊಳ್ಳಲಿಲ್ಲ. ಎಂಟು ವರ್ಷದ ಎಳೆಯ ಬಾಲಕನನ್ನು ನೀಲಗಿರಿಯ ಕೂನೂರಿನಲ್ಲಿದ್ದ ಸಂತ ಜೋಸೆಫರ ಶಾಲೆಗೂ, ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೂ ಕಳುಹಿಸಿದರು. ಇವೆರಡೂ ಕ್ರೈಸ್ತ ವಿದ್ಯಾಲಯಗಳೇ. ಹೊತ್ತಿಗೆ ಸರಿಯಾಗಿ ಏಳುವುದು, ಒಪ್ಪಿಸಿದ ಕೆಲಸವನ್ನು ಮುಗಿಸುವುದು, ಬೇರೆ ಬೇರೆ ಜಾತಿ ಭಾಷೆಗಳ ಹುಡುಗರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು, ಇವು ಇಂತಹ ವಸತಿಶಾಲೆಗಳಲ್ಲಿ ಪಠ್ಯಪುಸ್ತಕಗಳಿಗಿಂತ ಮೊದಲಿನ ಪಾಠಗಳಾಗಿರುತ್ತವೆ. ಎಳೆಯ ವಯಸ್ಸಿನಲ್ಲಿ ಮಕ್ಕಳನ್ನು ವಸತಿಗೃಹಕ್ಕೆ ಒಪ್ಪಿಸಿ ಹಿಂದಿರುಗುವಾಗ ತಾಯಿತಂದೆಗಳ ಮನಸ್ಸಿಗೆ ಆಗುವ ಸಂಕಟವನ್ನು ನಾವು ವರ್ಷ ವರ್ಷವೂ ಕಾಣುತ್ತೇವೆ. ಆ ಸಂಕಟವು ವ್ಯರ್ಥವಾಗುವುದಿಲ್ಲವೆಂಬುದಕ್ಕೆ ಈ ಬಾಲಕನ ಜೀವನವು ಒಂದು ಸಾಕ್ಷಿ.

1922ರಲ್ಲಿ ಡೆಹರಾಡೂನಿನಲ್ಲಿ ಭಾರತೀಯ ಬಾಲಕರಿಗಾಗಿ ಸೈನಿಕ ವಿದ್ಯಾಲಯವೊಂದು ಸ್ಥಾಪಿತವಾಯಿತು. ತಿಮ್ಮಯ್ಯನವರು ಅಲ್ಲಿಗೆ ಸೇರಿ, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿಗೆ ಹೋಗಿ, 1926ರಲ್ಲಿ ಸೇನಾಧಿಕಾರಿಯಾದರು. ಅಧಿಕಾರಿಯ ಪದವಿಯು ಭಾರತೀಯರಲ್ಲಿ ಬೆರಳೆಣಿಕೆಯವರಿಗೆ ಮಾತ್ರ ದೊರೆಯುತ್ತಿದ್ದ ಕಾಲವದು. ದೊರೆತವರಿಗೂ ಬಿಳಿಯ ಅಧಿಕಾರಿಗಳ ನಡುವೆ ಸಮಾನವಾದ ಆದರವು ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಅಂತಹ ಸ್ಥಿತಿಯಲ್ಲಿ ಕೆಲಸದ ಅಚ್ಚುಕಟ್ಟಿನಿಂದಲೂ ನಗುಮುಖದಿಂದಲೂ ಅವರು ಎಲ್ಲರ ಮನಸ್ಸನ್ನು ಗೆದ್ದರು. ಸಂಗಡಿಗರು ಅವರನ್ನು ಟಿಮ್ಮಿ ಎಂದು ಕರೆಯುತ್ತಿದ್ದರು.

1935ರ ಜನವರಿಯಲ್ಲಿ ಅವರು ನೀನಾ ಕಾರ್ಯಪ್ಪ ಎಂಬವರನ್ನು ವಿವಾಹವಾದರು. ಆ ವರ್ಷದ ಮೇ 31ರ ನಸುಕಿನಲ್ಲಿ ಕ್ವೆಟ್ಟಾ ನಗರವು ಭೂಕಂಪದಿಂದ ನೆಲಸಮವಾಗಿ ಸಾವಿರಾರು ಜನರು ಮಡಿದರು. ಮದುವೆಯಾಗಿ ಐದು ತಿಂಗಳೂ ತುಂಬದ ಈ ದಂಪತಿಗಳು ಆಗ ಅಲ್ಲಿಯೇ ಇದ್ದರು. ಗಂಡ ಹೆಂಡಿರಿಬ್ಬರೂ ಗಾಯಗೊಂಡವರ ಮತ್ತು ಮನೆಯಿಲ್ಲದವರ ಶುಶ್ರೂಷೆಯಲ್ಲಿ ತೊಡಗಿದರು. ಸೈನಿಕನ ಪತ್ನಿಯು ಪತಿಯ ಪದವಿಯಲ್ಲಿ ಮಾತ್ರವಲ್ಲ, ಅವನ ಪರಿಶ್ರಮದಲ್ಲಿಯೂ ಪಾಲುಗಾರಳೆಂಬುದನ್ನು ಆ ಮಹಿಳೆಯು ತೋರಿಸಿಕೊಟ್ಟರು.

ದ್ವಿತೀಯ ಮಹಾಯುದ್ಧದಲ್ಲಿ ತಿಮ್ಮಯ್ಯನವರು ಬರ್ಮಾದ ಅರಕಾನ್ ಪ್ರಾಂತದ ಕಾಡುಗಳಲ್ಲಿ ಕಾದಿದರು. ಆ ಯುದ್ಧದಲ್ಲಿ ರಣರಂಗದಲ್ಲಿಯೇ ಒಂದು ಪದಾತಿ ಬ್ರಿಗೇಡಿನ ನಾಯಕತ್ವವನ್ನು ವಹಿಸಿದ ಭಾರತೀಯರು ಅವರೊಬ್ಬರೇ. ದೇಶವು ಸ್ವತಂತ್ರವಾಗಿ ಇಬ್ಭಾಗವಾದಾಗ ಪಂಜಾಬಿನಲ್ಲಿ ಹರಿದ ರಕ್ತವನ್ನೂ, ಹೆಂಗಸರು ಮಕ್ಕಳು ಸಾಲು ಸಾಲಾಗಿ ಊರು ಬಿಟ್ಟು ನಡೆದುದನ್ನೂ ಅವರು ಹತ್ತಿರದಿಂದ ಕಂಡರು. ಮರುವರ್ಷ, ಎಂದರೆ 1948ರಲ್ಲಿ, ಕಾಶ್ಮೀರದ ಕಣಿವೆಯನ್ನು ಕಾಯುವ ಡಿವಿಜನ್ನಿನ ಅಧಿಪತ್ಯವು ಅವರಿಗೆ ಬಂದಿತು. ನಾವು ಮುಖ್ಯವಾಗಿ ಹೇಳಹೊರಟಿರುವ ಸಂಗತಿಯು ಇಲ್ಲಿಂದ ಆರಂಭವಾಗುತ್ತದೆ.

ಕಾಶ್ಮೀರದ ಕಣಿವೆಗೂ ಲಡಾಖಿಗೂ ನಡುವೆ ಹಿಮಾಲಯದ ಒಂದು ಸಾಲು ಅಡ್ಡಲಾಗಿ ನಿಂತಿದೆ. ಅದನ್ನು ದಾಟುವ ದ್ವಾರವೇ ಜೋಜಿ ಲಾ. ಲಾ ಎಂದರೆ ಆ ಕಡೆಯ ಭಾಷೆಯಲ್ಲಿ ಘಾಟಿ ಎಂದೇ ಅರ್ಥ. ಅದರ ಎತ್ತರವು ಸುಮಾರು 11,500 ಅಡಿಗಳು. ನಮ್ಮ ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರವಾದ ತಡಿಯಂಡಮೋಳು ಬೆಟ್ಟವು 5,700 ಅಡಿಗಳಿಗೆ ಸ್ವಲ್ಪ ಹೆಚ್ಚು. ಆದುದರಿಂದ ತಡಿಯಂಡಮೋಳಿನ ತಲೆಯ ಮೇಲೆ ಇನ್ನೊಂದು ತಡಿಯಂಡಮೋಳನ್ನು ನಿಲ್ಲಿಸಿದರೆ ಎಷ್ಟಾಗುವುದೋ ಅಷ್ಟು ಎತ್ತರವೆಂದು ವಾಚಕರು ಊಹಿಸಿಕೊಳ್ಳಬಹುದು. ಘಾಟಿಯ ಈಚೆಯಲ್ಲಿ ಹಸುರು ಹುಲ್ಲುಗಾವಲುಗಳೂ ದೇವದಾರು ಜಾತಿಯ ಮರಗಳೂ ಉಂಟು. ಆಚೆಗೆ ಕಾಲಿಟ್ಟರೆ ಮರವೊಂದೂ ಇಲ್ಲದ ಬೋಳು ಪರ್ವತಗಳು. ಚಳಿಗಾಲದಲ್ಲಿ ಹಿಮವು ಆಳವಾಗಿ ಬಿದ್ದು ದಾರಿಯು ತಿಂಗಳುಗಟ್ಟಲೆ ಮುಚ್ಚಿಹೋಗುತ್ತಿದ್ದಿತು.

1948ರ ಆದಿಯಲ್ಲಿ ಲಡಾಖಿನ ರಾಜಧಾನಿಯಾದ ಲೇಹ್ ಪಟ್ಟಣವು ವೈರಿಗಳ ಬಾಯಿಗೆ ಬೀಳುವಂತಿದ್ದಿತು. ಆ ಫೆಬ್ರವರಿಯಲ್ಲಿ ಮೇಜರ್ ಪೃಥ್ವಿಚಂದ್ ಎಂಬ ಲಾಹೌಲ್ ಸೀಮೆಯ ವೀರರು ಸುಮಾರು 40 ಮಂದಿ ಸ್ವಯಂಸೇವಕರೊಡನೆ ಹಿಮದಲ್ಲಿ ಕಾಲ್ನಡೆಯಿಂದ ಈ ಘಾಟಿಯನ್ನು ದಾಟಿ, ಮಾರ್ಚ್ 8ರಂದು ಲೇಹ್ ಸೇರಿ, ಅಲ್ಲಿಯ ಜನರಿಗೆ ಧೈರ್ಯ ತುಂಬಿದರು. ಆದರೆ ಮೇ ತಿಂಗಳಿನಲ್ಲಿ ವೈರಿಗಳು ಕಾರ್ಗಿಲನ್ನೂ, ಬಳಿಕ ದ್ರಾಸ್ ಮತ್ತು ಜೋಜಿ ಲಾಗಳನ್ನೂ ಹಿಡಿದುಕೊಂಡರು. ಲಡಾಖಿಗೆ ಹೋಗುವ ಬಾಗಿಲು ಮುಚ್ಚಿತು.

ಆಗ ತಿಮ್ಮಯ್ಯನವರ ಮುಂದೆ ಉಳಿದಿದ್ದುದು ಆಕಾಶಮಾರ್ಗ ಒಂದೇ. ಲೇಹದಲ್ಲಿ ಸೋನಮ್ ನೋರ್ಬು ಎಂಬ ಲಡಾಖಿ ಇಂಜಿನಿಯರರು ಊರ ಜನರ ಕೈಯಿಂದಲೇ ನದಿಯ ಬದಿಯ ಬಯಲನ್ನು ಹಸನುಮಾಡಿಸಿ, ವಿಮಾನವಿಳಿಯಲು ಒಂದು ಪಟ್ಟೆಯನ್ನು ಸಿದ್ಧಪಡಿಸಿದ್ದರು. ಅಷ್ಟು ಎತ್ತರದಲ್ಲಿ ಅಂತಹ ನೆಲದ ಮೇಲೆ ಯಾರೂ ಅದುವರೆಗೆ ವಿಮಾನವನ್ನು ಇಳಿಸಿರಲಿಲ್ಲ. ವಾಯುಸೇನೆಯ ಮೆಹರ್ ಸಿಂಗರು ನಡೆಯಿಸಿದ ಡಕೋಟಾ ವಿಮಾನವು ಮೇ 24ರಂದು ಹಿಮಶಿಖರಗಳ ನಡುವೆ ಹಾದು ಲೇಹದಲ್ಲಿ ಇಳಿಯಿತು. ಉಸಿರಾಟಕ್ಕೆ ಆಮ್ಲಜನಕದ ಏರ್ಪಾಡಿಲ್ಲದಿದ್ದ ಆ ವಿಮಾನದಲ್ಲಿ ಡಿವಿಜನ್ನಿನ ಅಧಿಪತಿಗಳು ಸ್ವತಃ ಕುಳಿತಿದ್ದರು. ಇತರರನ್ನು ಕಳುಹಿಸಬೇಕಾದ ದಾರಿಯಲ್ಲಿ ತಾವೇ ಮೊದಲು ಹೋಗಬೇಕೆಂಬುದು ಅವರ ನಿಯಮವಾಗಿದ್ದಿತು. ಅವರು ಹಿಂದಿರುಗಿದ ಮೇಲೆ ಗೂರ್ಖಾ ಸೈನಿಕರು ಅದೇ ರೀತಿಯಲ್ಲಿ ಲೇಹಕ್ಕೆ ತಲಪಿದರು, ಪಟ್ಟಣವು ಉಳಿಯಿತು.

ಆದರೂ ವಿಮಾನವು ಹೊರುವುದೆಷ್ಟು? ಮೋಡ ಕವಿದರೆ ಅದೂ ಇಲ್ಲ. ನೆಲದ ಮೇಲಣ ದಾರಿಯು ತೆರೆಯದೆ ಲಡಾಖಿಗೆ ರಕ್ಷೆಯಿಲ್ಲ. ಅದನ್ನು ಹಿಮ ಬೀಳುವ ಮುನ್ನವೇ ತೆರೆಯಬೇಕು. ಸೆಪ್ಟೆಂಬರಿನಲ್ಲಿ ನಮ್ಮ ಪದಾತಿಗಳು ಘಾಟಿಯ ಮೇಲೆ ಏರಿಹೋದರು. ಎರಡು ಪಕ್ಕದ ಬಂಡೆಗಳಲ್ಲಿ ಅಡಗಿದ್ದ ವೈರಿಗಳ ಯಂತ್ರಬಂದೂಕುಗಳ ಎದುರಿಗೆ ಅವರ ಶೌರ್ಯವು ಫಲಿಸಲಿಲ್ಲ. ಅನೇಕರು ಮಡಿದರು, ಉಳಿದವರು ಹಿಂದಿರುಗಬೇಕಾಯಿತು. ಈ ಸೋಲನ್ನು ನಾವು ಮರೆಮಾಚಿ ಹೇಳುವುದು ಸರಿಯಲ್ಲ. ಗೆಲವನ್ನು ಮಾತ್ರ ಕೇಳಿ ಬೆಳೆದ ಮಕ್ಕಳು ಮೊದಲನೆಯ ಸೋಲಿಗೇ ಕುಗ್ಗುವರು. ಅದೇ ದಾಳಿಯನ್ನು ಅದೇ ರೀತಿಯಲ್ಲಿ ಮತ್ತೆ ನಡೆಯಿಸಿದರೆ ಇನ್ನಷ್ಟು ತಾಯಂದಿರು ಮಕ್ಕಳನ್ನು ಕಳೆದುಕೊಳ್ಳುವರಲ್ಲದೆ ಬೇರೆ ಫಲವಿಲ್ಲವೆಂದು ತಿಮ್ಮಯ್ಯನವರು ಕಂಡುಕೊಂಡರು. ಬಂಡೆಯೊಳಗಿನ ಗುಂಡಿಗೆ ಎದೆಯೊಡ್ಡಲು ಮನುಷ್ಯನ ಮೈ ಸಾಲದು, ಉಕ್ಕಿನ ಕವಚವು ಬೇಕು. ಆದುದರಿಂದ ಟ್ಯಾಂಕುಗಳನ್ನು ಘಾಟಿಗೆ ಏರಿಸಬೇಕೆಂದು ನಿಶ್ಚಯವಾಯಿತು.

ಹೇಳುವುದು ಸುಲಭ. ಅಷ್ಟು ಎತ್ತರಕ್ಕೆ ಜಗತ್ತಿನಲ್ಲಿ ಯಾರೂ ಟ್ಯಾಂಕುಗಳನ್ನು ಏರಿಸಿ ಕಾದಿರಲಿಲ್ಲ. ಕರ್ನಲ್ ರಾಜಿಂದರ್ ಸಿಂಗರ 7ನೆಯ ಅಶ್ವದಳದಲ್ಲಿದ್ದ ಸ್ಟುವರ್ಟ್ ಟ್ಯಾಂಕುಗಳು ಹಗುರವಾದ ಜಾತಿಯವೆಂದು ಹೆಸರಾದರೂ ಒಂದೊಂದೂ ಸುಮಾರು 15 ಟನ್ನು ತೂಗುತ್ತಿದ್ದವು. ಅವು ಮೊದಲು ಜಮ್ಮುವಿನ ಬಯಲಿನಿಂದ ಬಾನಿಹಾಲಿನ ಘಾಟಿಯನ್ನು ಹತ್ತಿ ಶ್ರೀನಗರಕ್ಕೆ ಬರಬೇಕಾಗಿದ್ದಿತು. ದಾರಿಯ ಸೇತುವೆಗಳು ಆ ಭಾರಕ್ಕೆ ಕಟ್ಟಿದವುಗಳಲ್ಲ. ಆದುದರಿಂದ ಟ್ಯಾಂಕುಗಳ ಮೇಲಣ ತೋಪಿನ ಗೋಪುರಗಳನ್ನು ಕಳಚಿ ಬೇರೆಯಾಗಿ ಸಾಗಿಸಿ, ದುರ್ಬಲವಾದ ಸೇತುವೆಗಳ ಮೇಲೆ ಅವುಗಳನ್ನು ಮೆಲ್ಲಮೆಲ್ಲನೆ ಎಳೆದು ದಾಟಿಸಿದರು. ಗೋಪುರವಿಲ್ಲದ ಬಂಡಿಯನ್ನು ಕಂಡು ಇದು ಟ್ಯಾಂಕೆಂದು ವೈರಿಯ ಗೂಢಚಾರನು ಬೇಗನೆ ಅರಿಯಲಾರನು. ಹೀಗೆ ಒಂದೇ ಉಪಾಯದಿಂದ ಭಾರವೂ ಕಡಿಮೆಯಾಯಿತು, ಗುಟ್ಟೂ ಉಳಿಯಿತು.

ಘಾಟಿಯ ಬುಡದಲ್ಲಿರುವ ಬಾಲ್ತಾಲಿನಿಂದ ಮೇಲಕ್ಕೆ ಇದ್ದುದು ಹೇಸರಗತ್ತೆಗಳು ನಡೆಯುವ ಕಾಲುದಾರಿ ಮಾತ್ರ. ಒಂದು ಕಡೆಯಲ್ಲಿ ಕಡಿದಾದ ಬಂಡೆ, ಇನ್ನೊಂದು ಕಡೆಯಲ್ಲಿ ಪಾತಾಳದಂತಹ ಕಮರಿ. ಈ ಕಾಲುದಾರಿಯನ್ನು ಬಂಡಿದಾರಿಯನ್ನಾಗಿ ಮಾಡಿದವರು ಮದ್ರಾಸ್ ಸ್ಯಾಪರ್ಸ್ ಎಂಬ ಇಂಜಿನಿಯರ್ ದಳದವರು. ಆ ದಳದ ಮೂಲಸ್ಥಾನವು ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಬಳಿಯಲ್ಲಿದೆ. ಅದರಲ್ಲಿ ಸೇರುವವರು ದಕ್ಷಿಣ ದೇಶದ ಹಳ್ಳಿಗಳ ಮಕ್ಕಳು. ಬಿಸಿಲನಾಡಿನಲ್ಲಿ ಹುಟ್ಟಿದ ಆ ಜನರು ಹಿಮದ ಗಾಳಿಯಲ್ಲಿ, ವೈರಿಯ ಗುಂಡಿನ ಅಂಜಿಕೆಯಲ್ಲಿ, ಸಿಡಿಮದ್ದಿನಿಂದ ಬಂಡೆಯನ್ನೊಡೆದು, ಕಮರಿಯ ಅಂಚನ್ನು ಕಟ್ಟಿ, ಕೆಲವೇ ವಾರಗಳಲ್ಲಿ ದಾರಿಯನ್ನು ಮುಗಿಸಿದರು. ಇವರ ಹೆಸರುಗಳು ಶಾಲೆಯ ಚರಿತ್ರೆಯ ಪುಸ್ತಕಗಳಲ್ಲಿ ಇಲ್ಲ. ಆದರೆ ಇವರಿಲ್ಲದಿದ್ದರೆ ಮಹಾಸೇನಾನಿಯ ಯೋಜನೆಯು ಕಾಗದದ ಮೇಲೆಯೇ ಉಳಿಯುತ್ತಿದ್ದಿತು.

ಇನ್ನೊಂದು ಕಷ್ಟವನ್ನೂ ಹೇಳಬೇಕು. ಆ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರತೀರದಲ್ಲಿರುವುದರ ಮೂರರಲ್ಲಿ ಎರಡು ಪಾಲಿನಷ್ಟೇ. ಮನುಷ್ಯನಿಗೆ ಉಸಿರು ಸಾಲದೆ ಏದುಸಿರು ಬರುವಂತೆ ಇಂಜಿನ್ನಿಗೂ ಗಾಳಿ ಸಾಲದೆ ಶಕ್ತಿಯು ಕುಂದುತ್ತದೆ. ಏರಬೇಕಾದ ಕಡೆಯಲ್ಲಿಯೇ ಬಲವು ಕಡಿಮೆ. ಚಳಿಯಿಂದ ಎಣ್ಣೆಯು ಗಟ್ಟಿಯಾಗುತ್ತದೆ. ಬೆಳಗಿನಲ್ಲಿ ಯಂತ್ರವು ಬೇಗನೆ ಎಚ್ಚರಗೊಳ್ಳುವುದಿಲ್ಲ. ಸಂಪಾಜೆಯ ಏರಿನಲ್ಲಿ ಭಾರವಾದ ಲಾರಿಯೊಂದು ತಿರುವು ತಿರುವಿನಲ್ಲಿ ನರಳುತ್ತ ಬರುವುದನ್ನು ಕಂಡವರು, ಉಕ್ಕಿನ ಪಟ್ಟಿಗಳ ಮೇಲೆ ನಡೆಯುವ ಬಂಡಿಯು ಆ ಹೊಸ ಮಣ್ಣಿನ ದಾರಿಯಲ್ಲಿ ಕಮರಿಯ ಅಂಚಿನಲ್ಲಿ ತಿರುಗಿದಾಗ ಚಾಲಕನ ಮನಸ್ಸು ಹೇಗಿದ್ದಿರಬಹುದೆಂದು ಎಣಿಸಿಕೊಳ್ಳಲಿ.

ಹವೆಯು ಕೆಟ್ಟು ದಾಳಿಯ ದಿನವನ್ನು ಮುಂದೂಡಬೇಕಾಯಿತು. ಕೊನೆಗೆ 1948ರ ನವೆಂಬರ್ 1ರ ಮಧ್ಯಾಹ್ನದಲ್ಲಿ ಟ್ಯಾಂಕುಗಳು ಘಾಟಿಯನ್ನು ಏರಿದವು. ಅಧಿಪತಿಗಳು ಹಿಂದಿನ ಬಿಡಾರದಲ್ಲಿ ಕುಳಿತು ವರದಿಯನ್ನು ಕಾಯಲಿಲ್ಲ. ಮುಂಚೂಣಿಯ ಟ್ಯಾಂಕಿನಲ್ಲಿ ತಾವೇ ಇದ್ದರು. ಈ ಎತ್ತರದಲ್ಲಿ ಟ್ಯಾಂಕುಗಳು ಬರುವುವೆಂದು ಕನಸಿನಲ್ಲಿಯೂ ಎಣಿಸದಿದ್ದ ವೈರಿಗಳು ಕಕ್ಕಾಬಿಕ್ಕಿಯಾಗಿ ತಮ್ಮ ನೆಲೆಗಳನ್ನು ಬಿಟ್ಟು ಮಾತಾಯನ್ ಕಡೆಗೆ ಹಿಂದೆಗೆದರು. ಸೆಪ್ಟೆಂಬರಿನಲ್ಲಿ ಅಷ್ಟು ಪ್ರಾಣಗಳನ್ನು ಕೊಟ್ಟರೂ ತೆರೆಯದಿದ್ದ ಬಾಗಿಲು ಅಂದು ಸಾಯಂಕಾಲದೊಳಗೆ ತೆರೆಯಿತು. ಪದಾತಿಗಳು ಹಿಮದಲ್ಲಿ ಮುನ್ನಡೆದು ನವೆಂಬರಿನ ನಡುವಿನಲ್ಲಿ ದ್ರಾಸನ್ನು ಪಡೆದರು. ನವೆಂಬರ್ 24ರಂದು ಕಾರ್ಗಿಲಿನಲ್ಲಿ ಲೇಹದ ಕಡೆಯಿಂದ ಬಂದ ನಮ್ಮ ದಳವೂ ಶ್ರೀನಗರದ ಕಡೆಯಿಂದ ಬಂದ ದಳವೂ ಒಂದನ್ನೊಂದು ಕೂಡಿಕೊಂಡವು. ಮುಂದೆ 1949ರ ಜನವರಿ 1ರಿಂದ ಯುದ್ಧವು ನಿಂತಿತು. ಅಷ್ಟರೊಳಗೆ ದಾರಿಯು ತೆರೆಯದಿದ್ದರೆ ಲಡಾಖಿನ ಗತಿಯು ಬೇರೆಯಾಗುತ್ತಿದ್ದಿತೆಂಬುದರಲ್ಲಿ ಸಂದೇಹವಿಲ್ಲ.

ತಿಮ್ಮಯ್ಯನವರ ಮುಂದಿನ ಜೀವನವನ್ನು ಸಂಕ್ಷೇಪವಾಗಿ ಹೇಳುವೆವು. ಕೊರಿಯಾ ದೇಶದ ಯುದ್ಧವು ನಿಂತ ಮೇಲೆ, ತಮ್ಮ ನಾಡಿಗೆ ಹಿಂದಿರುಗಲು ಒಪ್ಪದಿದ್ದ 22,000ಕ್ಕೂ ಹೆಚ್ಚು ಸೆರೆಯಾಳುಗಳ ವಿಷಯವನ್ನು ತೀರ್ಮಾನಿಸಲು 1953ರಲ್ಲಿ ತಟಸ್ಥ ರಾಷ್ಟ್ರಗಳ ಆಯೋಗವೊಂದು ಏರ್ಪಟ್ಟಿತು. ಅದಕ್ಕೆ ಅವರೇ ಅಧ್ಯಕ್ಷರಾದರು. ಎರಡು ಪಕ್ಷಗಳೂ ಸಂಶಯದಿಂದ ನೋಡುತ್ತಿದ್ದ ಆ ಕೆಲಸದಲ್ಲಿ ಅವರು ನಿಷ್ಪಕ್ಷಪಾತದಿಂದ ನಡೆದುಕೊಂಡು ಹೆಸರು ಪಡೆದರು. 1954ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯು ದೊರೆಯಿತು. 1957ರ ಮೇ ತಿಂಗಳಿನಿಂದ 1961ರ ಮೇ ತಿಂಗಳವರೆಗೆ ಅವರು ಭಾರತದ ಭೂಸೇನೆಯ ಮಹಾದಂಡನಾಯಕರಾಗಿದ್ದರು. 1959ರಲ್ಲಿ ರಕ್ಷಣಾಮಂತ್ರಿ ಕೃಷ್ಣಮೆನನ್ನರೊಡನೆ ಭಿನ್ನಾಭಿಪ್ರಾಯವುಂಟಾಗಿ ರಾಜೀನಾಮೆಯನ್ನು ಕೊಟ್ಟರು. ಪ್ರಧಾನಮಂತ್ರಿ ನೆಹರೂರವರ ಮಾತಿನಂತೆ ಅದನ್ನು ಹಿಂದೆಗೆದುಕೊಂಡರು. ಅವರು ಅಧಿಕಾರದಲ್ಲಿದ್ದಾಗಲೇ, 1960ರ ಮೇ 7ರಂದು, ಗಡಿನಾಡುಗಳಲ್ಲಿ ದಾರಿಗಳನ್ನು ಕಟ್ಟುವುದಕ್ಕಾಗಿಯೇ ಗಡಿ ರಸ್ತೆಗಳ ಸಂಸ್ಥೆಯು ಹುಟ್ಟಿತು. ಜೋಜಿ ಲಾದ ಅನುಭವವನ್ನು ಪಡೆದ ಸೇನಾನಿಗೆ, ದಾರಿಯನ್ನು ಕದನದ ಕಾಲದಲ್ಲಿ ಕಟ್ಟುವುದಕ್ಕಿಂತ ಶಾಂತಿಯ ಕಾಲದಲ್ಲಿ ಕಟ್ಟುವುದು ಮೇಲೆಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ.

ನಿವೃತ್ತಿಯ ತರುವಾಯ ಸಂಯುಕ್ತ ರಾಷ್ಟ್ರಗಳ ಕರೆಯ ಮೇರೆಗೆ 1964ರಲ್ಲಿ ಸೈಪ್ರಸ್ ದ್ವೀಪಕ್ಕೆ ಹೋಗಿ, ಅಲ್ಲಿ ಗ್ರೀಕರಿಗೂ ತುರ್ಕರಿಗೂ ನಡುವೆ ಸಮಾಧಾನವನ್ನು ಕಾಯುವ ಸೇನೆಯ ಅಧಿಪತಿಗಳಾದರು. ಅಲ್ಲಿಯೇ 1965ರ ಡಿಸೆಂಬರ್ ತಿಂಗಳಿನಲ್ಲಿ, ಕರ್ತವ್ಯದಲ್ಲಿರುವಾಗಲೇ, ಹೃದಯಾಘಾತದಿಂದ ತೀರಿಕೊಂಡರು. ಅವರ ದೇಹವನ್ನು ಸ್ವದೇಶಕ್ಕೆ ತಂದು ಬೆಂಗಳೂರಿನಲ್ಲಿ ಸಮಾಧಿಮಾಡಲಾಯಿತು. ಸೈಪ್ರಸ್ ಸರಕಾರವು 1966ರಲ್ಲಿ ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಮಡಿಕೇರಿಯಲ್ಲಿ ಅವರು ಬಾಲ್ಯವನ್ನು ಕಳೆದ ಸನ್ನಿ ಸೈಡ್ ಎಂಬ ಮನೆಯು ಈಗ ಸ್ಮಾರಕ ಸಂಗ್ರಹಾಲಯವಾಗಿದೆ. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿಗಳಾದ ರಾಮನಾಥ ಕೋವಿಂದರು ಅದನ್ನು ಉದ್ಘಾಟಿಸಿದರು. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬೇಕೆಂದು ಪೋಷಕರಲ್ಲಿ ನಮ್ಮ ಬಿನ್ನಹ.

ಈಗ ಜೋಜಿ ಲಾದ ಮೇಲೆ ಹೆದ್ದಾರಿಯಿದೆ. 1974ರಲ್ಲಿ ಲಡಾಖ್ ಪ್ರವಾಸಿಗಳಿಗೆ ತೆರೆದಂದಿನಿಂದ ಬೇಸಗೆಯ ತಿಂಗಳುಗಳಲ್ಲಿ ಕಾರುಗಳೂ ಮೋಟಾರು ಸೈಕಲುಗಳೂ ಸಾಲಾಗಿ ಅದನ್ನು ಏರುತ್ತವೆ. ಬೈಸಿಕಲ್ಲನ್ನು ತುಳಿಯುತ್ತ, ಅಲ್ಲಲ್ಲಿ ಇಳಿದು ಉಸಿರು ತೆಗೆದುಕೊಳ್ಳುತ್ತ, ತಮ್ಮ ಕಾಲಿನ ಬಲದಿಂದಲೇ ಘಾಟಿಯನ್ನು ಗೆಲ್ಲುವ ತರುಣ ತರುಣಿಯರೂ ಉಂಟು. ಬೆಟ್ಟದೊಳಗೆ ಸುಮಾರು 13 ಕಿಲೋಮೀಟರು ಉದ್ದದ ಸುರಂಗವನ್ನು ಕೊರೆಯುವ ಕೆಲಸವು 2020ರಲ್ಲಿ ಆರಂಭವಾಯಿತು; ಹಿಮಕಾಲದಲ್ಲಿಯೂ ಲಡಾಖಿನ ಬಾಗಿಲು ಮುಚ್ಚದಿರಬೇಕೆಂಬುದೇ ಅದರ ಉದ್ದೇಶ. ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಆ ದಾರಿಯಲ್ಲಿ ಗಾಡಿಯನ್ನು ನಡೆಯಿಸುವ ಅಥವಾ ಸೈಕಲ್ಲನ್ನು ತುಳಿಯುವ ಭಾಗ್ಯವನ್ನು ಪಡೆದರೆ, ತುದಿಯಲ್ಲಿ ಒಂದು ನಿಮಿಷ ನಿಂತು, ಆ ನೆಲವನ್ನು ಮೊದಲು ಸಮಮಾಡಿದ ದಕ್ಷಿಣದೇಶದ ಕೂಲಿಕೈಗಳನ್ನೂ, ಅದರ ಮೇಲೆ ಮೊದಲು ಸಾಗಿದ ಕೊಡಗಿನ ಮಗನನ್ನೂ, ಸೆಪ್ಟೆಂಬರಿನಲ್ಲಿ ಅಲ್ಲಿ ಬಿದ್ದು ಮತ್ತೆ ಏಳದವರನ್ನೂ ನೆನೆಯಲಿ.

ಎಲ್ಲರಿಗೂ ಸೈನ್ಯವನ್ನು ನಡೆಯಿಸುವ ಪದವಿಯು ಬರುವುದಿಲ್ಲ. ಆದರೆ ಒಬ್ಬೊಬ್ಬರ ಜೀವಮಾನದಲ್ಲಿಯೂ ಮುಚ್ಚಿದ ಘಾಟಿಯೊಂದು ಎದುರಾಗುವುದುಂಟು. ಅದರಾಚೆಯಲ್ಲಿ ನಮ್ಮನ್ನು ನಂಬಿ ಕಾಯುವವರಿರುತ್ತಾರೆ. ರೋಗಿಯ ಮಂಚದ ಬಳಿಯಲ್ಲಿ ರಾತ್ರಿಯೆಲ್ಲ ಎಚ್ಚರವಾಗಿರುವ ದಾದಿಗೂ, ಪಾಠವು ತಲೆಗೆ ಹತ್ತದ ಮಗುವಿಗೆ ನಾಲ್ಕನೆಯ ಸಾರಿ ಬೇರೊಂದು ರೀತಿಯಲ್ಲಿ ಹೇಳಿಕೊಡುವ ಉಪಾಧ್ಯಾಯಿನಿಗೂ, ಸಂಸಾರದ ಭಾರವನ್ನು ಒಬ್ಬಳೇ ಹೊತ್ತು ಮಕ್ಕಳನ್ನು ಓದಿಸುವ ತಾಯಿಗೂ ಇದು ತಿಳಿದ ಮಾತು. ಒಂದು ಸಾರಿ ಏರಿ ಸೋತ ಮೇಲೆ, ಹಟದಿಂದ ಅದೇ ಬಂಡೆಗೆ ತಲೆಯೊಡ್ಡದೆ, ಬೇರೆ ಉಪಾಯವನ್ನು ಚಿಂತಿಸಿ, ದಾರಿಯನ್ನು ತಾಳ್ಮೆಯಿಂದ ಕಟ್ಟಿ, ಆಮೇಲೆ ತಾವೇ ಮುಂದಾಗಿ ನಡೆಯುವ ಬುದ್ಧಿಯನ್ನೂ ಧೈರ್ಯವನ್ನೂ ದೇವರು ನಮ್ಮ ಶಾಲೆಯ ಮಕ್ಕಳೆಲ್ಲರಿಗೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.